ಸೀಟು ಕೊಟ್ಟ ವಿಶ್ವವಿದ್ಯಾಲಯ ಕೆಲಸದ ದಾರಿಯನ್ನೂ ತೋರಿಸಲಿ

ನಮ್ಮ ಕ್ಯಾಂಪಸ್ಸುಗಳಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗೆ ಎರಡು ಬಗೆಯ ನ್ಯಾಯ ನಡೆಯುತ್ತಿದೆ. ಸೆಮಿಸ್ಟರ್ ಪರೀಕ್ಷೆಗೆ ಕೂರುವ ಅಂಧ ವಿದ್ಯಾರ್ಥಿನಿಗೆ ಉತ್ತರ ಬರೆದುಕೊಡುವ ಸ್ಕ್ರೈಬ್ ಸಿಗುತ್ತಾರೆ, ಗಂಟೆಗೆ ಕನಿಷ್ಠ 20 ನಿಮಿಷದ ಲೆಕ್ಕದಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಅದು ಬಂದಿತ್ತು. ಯಾರ ದಯೆಯೂ ಬೇಕಿಲ್ಲ. ಅದೇ ವಿದ್ಯಾರ್ಥಿನಿ ಅಂತಿಮ ವರ್ಷದಲ್ಲಿ, ಅದೇ ಕಟ್ಟಡದ ಕಂಪ್ಯೂಟರ್ ಲ್ಯಾಬಿನಲ್ಲಿ, ಕಂಪನಿಯೊಂದರ ಆಪ್ಟಿಟ್ಯೂಡ್ ಟೆಸ್ಟಿಗೆ ಕೂತಾಗ ಸ್ಕ್ರೈಬೂ ಇಲ್ಲ, ಹೆಚ್ಚುವರಿ ಸಮಯವೂ ಇಲ್ಲ. ಪ್ರಶ್ನೆಯಲ್ಲಿರುವ ಗ್ರಾಫು ಬರೀ ಚಿತ್ರ, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ನಕಲು ತಡೆಯಲೆಂದು ಹಾಕಿದ ತಂತ್ರಾಂಶ ಉಳಿದೆಲ್ಲ ಪ್ರೋಗ್ರಾಮುಗಳನ್ನು ಮುಚ್ಚಿಸುವಾಗ ಎಷ್ಟೋ ಸಲ ಸ್ಕ್ರೀನ್ ರೀಡರನ್ನೂ ಮುಚ್ಚಿಸಿಬಿಡುತ್ತದೆ. ಕಣ್ಣು ಪರದೆಯ ಮೇಲೆ ನಿಂತಿಲ್ಲವೆಂಬ ಕಾರಣಕ್ಕೆ ಕ್ಯಾಮೆರಾ ಆಕೆಯನ್ನು ಅನುಮಾನಿಸುತ್ತದೆ. ಕಿವುಡ ವಿದ್ಯಾರ್ಥಿಯನ್ನು ಸಂಜ್ಞಾ ಭಾಷೆಯ ದುಭಾಷಿಯಿಲ್ಲದೆ ಗ್ರೂಪ್ ಡಿಸ್ಕಷನ್ನಿಗೆ ಕೂರಿಸುತ್ತಾರೆ. ಅದರಲ್ಲೂ ಹೇಗೋ ಪಾರಾದವನಿಗೆ ಮುಂದಿನ ಸುತ್ತು ಫೋನಿನಲ್ಲಿ. ಗಾಲಿಕುರ್ಚಿಯಲ್ಲಿ ಓಡಾಡುವ ರಾಯಚೂರಿನ ಹುಡುಗನಿಗೆ, ಬೆಂಗಳೂರಿನ ಯಾವುದೋ ಕಾಲೇಜಿನಲ್ಲಿ ಪೂಲ್ ಕ್ಯಾಂಪಸ್ ಸಂದರ್ಶನ ಇದೆ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿರು ಎಂಬ ಮೆಸೇಜು ಬರುತ್ತದೆ.

ಪ್ಲೇಸ್‌ಮೆಂಟ್ ಸೆಲ್ಲಿನವರನ್ನು ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ‘ಕಂಪನಿಯವರು ಕಂಡಿಷನ್ ಹಾಕ್ತಾರೆ, ನಾವು ಒತ್ತಾಯ ಮಾಡೋಕಾಗಲ್ಲ’ ಎಂಬುದು ಮೊದಲನೆಯದು. ‘ನಿಮ್ಮಂಥವರಿಗೆ ಬೇರೆ ಉದ್ಯೋಗ ಮೇಳ ಇರುತ್ತಲ್ಲ, ಅಲ್ಲಿಗೆ ಹೋಗಿ’ ಎಂಬುದು ಎರಡನೆಯದು. ಮೊದಲನೆಯದರಲ್ಲಿ ಅಸಹಾಯಕತೆಯಾದರೂ ಇದೆ. ನನ್ನ ತಕರಾರು ಇರುವುದು ಎರಡನೆಯದರ ಬಗ್ಗೆ. ಐದು ವರ್ಷ ಓದಿಸಿದ ವಿಶ್ವವಿದ್ಯಾಲಯ ತನ್ನದೇ ವಿದ್ಯಾರ್ಥಿಯನ್ನು ಕೊನೆಯ ಹಂತದಲ್ಲಿ ಸ್ವಯಂಸೇವಾ ಸಂಸ್ಥೆಗಳ ಬಾಗಿಲಿಗೆ ಕಳಿಸಿ ಹೊಣೆ ಕಳೆದುಕೊಳ್ಳುವ ಈ ಪದ್ಧತಿ ನಿಲ್ಲಬೇಕು.

ಆ ಸಂಸ್ಥೆಗಳ ಬಗ್ಗೆ ನನಗೆ ಗೌರವ ಬಿಟ್ಟರೆ ಬೇರೇನೂ ಇಲ್ಲ. ಬೆಂಗಳೂರಿನ ಎಪಿಡಿ 1959ರಿಂದ, ಸಮರ್ಥನಂ 1997ರಿಂದ, ಎನೇಬಲ್ ಇಂಡಿಯಾ 1999ರಿಂದ ಮಾಡಿಕೊಂಡು ಬಂದಿರುವ ಕೆಲಸ ಇಲ್ಲದಿದ್ದರೆ ಈ ರಾಜ್ಯದ ಸಾವಿರಾರು ಅಂಗವಿಕಲರು ಸಂಬಳದ ಮುಖವನ್ನೇ ನೋಡುತ್ತಿರಲಿಲ್ಲ. ಆದರೆ ಅವರು ಮುಖ್ಯವಾಗಿ ನೋಡಿಕೊಳ್ಳಬೇಕಾದದ್ದು ಶಾಲೆ ಅರ್ಧಕ್ಕೆ ಬಿಟ್ಟವರನ್ನು, ಹಳ್ಳಿಯಲ್ಲೇ ಉಳಿದವರನ್ನು, ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರನ್ನು. ನಾನು ಕಂಡ ವಿಶೇಷ ಮೇಳಗಳಲ್ಲಿ ಡೇಟಾ ಎಂಟ್ರಿ, ಕಾಲ್ ಸೆಂಟರ್, ಗೋದಾಮಿನ ಪ್ಯಾಕಿಂಗ್, ಮಾಲಿನ ಮಳಿಗೆ, ಇವೇ ಹೆಚ್ಚು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳೂ ಎಸ್ಸೆಸ್ಸೆಲ್ಸಿ ಪಾಸಾದವನೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ, ಇಬ್ಬರಿಗೂ ಒಂದೇ ಹುದ್ದೆಯ ಆಫರ್. ಅಲ್ಲಿಗೆ ಅವಳ ಪದವಿಗೆ ಬೆಲೆಯೇ ಇಲ್ಲವಾಯಿತು. ಅವಳ ಸಹಪಾಠಿಗಳಿಗೆ ಸಿಗುವ ಕ್ಯಾಂಪಸ್ ಸಂದರ್ಶನ ಅವಳಿಗೂ ಸಿಗಬೇಕಿತ್ತು, ಅದೇ ಕಂಪನಿಗೆ, ಅದೇ ಸಂಬಳಕ್ಕೆ.

ಇದು ವಿಶ್ವವಿದ್ಯಾಲಯದ ಕೆಲಸವೇ ಎಂದು ಕೇಳುವವರಿದ್ದಾರೆ. ಹೌದು, ಬರಹದಲ್ಲೇ ಇದೆ. ವಿಶೇಷ ಅಗತ್ಯವುಳ್ಳವರ ಉನ್ನತ ಶಿಕ್ಷಣಕ್ಕಾಗಿ ಯುಜಿಸಿ ರೂಪಿಸಿದ ಯೋಜನೆಯಲ್ಲಿ ಕಾಲೇಜುಗಳು ‘ಎನೇಬ್ಲಿಂಗ್ ಯೂನಿಟ್’ ತೆರೆಯಬೇಕೆಂದು ಹೇಳಿತ್ತು. ಪ್ರವೇಶಕ್ಕೆ ನೆರವಾಗುವುದು, ಮಾರ್ಗದರ್ಶನ ಕೊಡುವುದರ ಜೊತೆಗೆ, ಪದವಿ ಮುಗಿಸಿದ ಅಂಗವಿಕಲರಿಗೆ ಸರ್ಕಾರಿ ಮತ್ತು ಖಾಸಗಿ ವಲಯದಲ್ಲಿ ಕೆಲಸ ಸಿಗಲು ಸಹಾಯ ಮಾಡುವುದೂ ಆ ಘಟಕದ ಕರ್ತವ್ಯಗಳಲ್ಲಿ ಒಂದು. ನಿಮ್ಮ ಊರಿನ ಕಾಲೇಜಿನಲ್ಲಿ ಇಂಥದ್ದೊಂದು ಘಟಕ ಇದೆಯೇ ಎಂದು ವಿಚಾರಿಸಿ ನೋಡಿ. ಇದ್ದರೆ, ಅದು ಕೊನೆಯ ಬಾರಿ ಯಾವ ಕಂಪನಿಯ ಜೊತೆ ಮಾತಾಡಿತು ಎಂದೂ ಕೇಳಿ.

ಕೇಳುವವರಿಲ್ಲದ್ದರಿಂದಲೇ ಈ ಕರ್ತವ್ಯ ಕಾಗದದಲ್ಲಿ ಉಳಿಯಿತು. ಪ್ರತಿವರ್ಷ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಬಂದಾಗ ನಮ್ಮ ವಿಶ್ವವಿದ್ಯಾಲಯಗಳು ಜಾಹೀರಾತು ಕೊಡುತ್ತವೆ. ಅದರಲ್ಲಿ ಅಂಗವಿಕಲರ ಸೌಲಭ್ಯಕ್ಕೂ ಅಂಕಗಳಿವೆ. ಅದು ಕೇಳುವುದು ಏನು? ಲಿಫ್ಟು ಅಥವಾ ರ‍್ಯಾಂಪ್ ಇದೆಯೇ, ಗಾಲಿಕುರ್ಚಿ ಮತ್ತು ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ವ್ಯವಸ್ಥೆ ಇದೆಯೇ, ಶೌಚಾಲಯ ಇದೆಯೇ. ಬೇಕಾದದ್ದೇ, ಎಲ್ಲವೂ ಬೇಕು. ಆದರೆ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು ಎಂದು ಕೇಳುವ ಪಟ್ಟಿಯಲ್ಲಿ ಅಂಗವಿಕಲ ಪದವೀಧರರ ಲೆಕ್ಕ ಬೇರೆ ಇಲ್ಲ. ಹೀಗಾಗಿ ಒಬ್ಬ ಅಂಗವಿಕಲ ಪದವೀಧರನಿಗೂ ಕೆಲಸ ಕೊಡಿಸದ ಸಂಸ್ಥೆ ರ‍್ಯಾಂಪ್ ತೋರಿಸಿ ಅಂಕ ಪಡೆಯಬಹುದು.

ಪದವಿಯವರೆಗೆ ಬಂದು ಮುಟ್ಟುವವರಾದರೂ ಎಷ್ಟು ಜನ? ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ ಅಂಗವಿಕಲರು 88 ಸಾವಿರ ಚಿಲ್ಲರೆ. ಶೇ 0.25ರಷ್ಟೂ ಆಗಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟು ಮೀಸಲಿಡಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳಿದ ಮೇಲಿನ ಸ್ಥಿತಿ ಇದು. ಬ್ರೈಲ್ ಪುಸ್ತಕವಿಲ್ಲದ ಶಾಲೆ, ಮೆಟ್ಟಿಲು ಎತ್ತರದ ಬಸ್ಸು, ಮನೆಯವರ ಭಯ, ನೆಂಟರ ಕನಿಕರ, ಎಲ್ಲವನ್ನೂ ದಾಟಿ ಪದವಿ ಮುಗಿಸಿದವರು ಇವರು. ಒಂದು ವಿಶ್ವವಿದ್ಯಾಲಯಕ್ಕೆ ಬೆರಳೆಣಿಕೆಯಷ್ಟೇ ಇರುವ ಇಂಥ ಪದವೀಧರರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿಸಲು ಸಾಧ್ಯವಿಲ್ಲ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ.

ಮಾತಾಡಿಸುವುದು ಬಹಳ ಮುಖ್ಯ. ಬಯೋಡೇಟಾದಲ್ಲಿ ಅಂಗವೈಕಲ್ಯದ ವಿಷಯ ಬರೆಯಬೇಕೋ ಬೇಡವೋ ಎಂಬ ಪ್ರಶ್ನೆಯೊಂದೇ ಈ ಮಕ್ಕಳ ನಿದ್ದೆ ಕೆಡಿಸುತ್ತದೆ. ಬರೆದರೆ ಕರೆಯೇ ಬಾರದೇನೋ, ಬರೆಯದಿದ್ದರೆ ನಾಳೆ ಸೌಲಭ್ಯ ಕೇಳುವುದು ಹೇಗೆ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆ, ಆಟಿಸಂ, ಮಾನಸಿಕ ಅಸ್ವಸ್ಥತೆ, ಹಿಮೋಫಿಲಿಯಾ, ಥಲಸ್ಸೇಮಿಯಾದಂಥ ಕಣ್ಣಿಗೆ ಕಾಣದವೂ ಅದರಲ್ಲಿವೆ. ಅಂಥವರ ಸಂಕಟ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆಗೆಂದು ಒಂದು ವರ್ಷ ಓದು ಬಿಟ್ಟವನನ್ನು ‘ಎಜುಕೇಷನ್ ಗ್ಯಾಪ್ ಇರಬಾರದು’ ಎಂಬ ಒಂದು ಸಾಲು ಪಟ್ಟಿಯಿಂದಲೇ ಕಿತ್ತುಹಾಕುತ್ತದೆ. ಈ ಸಾಲನ್ನು ತೆಗೆಸಲು ಕಂಪನಿಗೆ ಒಂದು ಫೋನು ಮಾಡಬಹುದು. ಸಾಮಾನ್ಯವಾಗಿ ಅದನ್ನು ಮಾಡುವವರು ಯಾರೂ ಇರುವುದಿಲ್ಲ. ಇನ್ನು ನೋಟಿಸುಗಳ ಕಥೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲು ಹೊಡೆದು, ಸ್ಕ್ಯಾನ್ ಮಾಡಿ ಏರಿಸಿದ ಪಿಡಿಎಫ್ಫನ್ನು ಯಾವ ಸ್ಕ್ರೀನ್ ರೀಡರೂ ಓದದು. ಸಂದರ್ಶನದ ತಾರೀಕು ಅಂಧ ವಿದ್ಯಾರ್ಥಿಗೆ ತಿಳಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಇದನ್ನು ಸರಿಪಡಿಸಲು ಹಣವೇ ಬೇಕಿಲ್ಲ.

ಕಂಪನಿಗಳನ್ನು ಒತ್ತಾಯಿಸಲಾಗದು ಎಂಬ ಮಾತೂ ಸರಿಯಲ್ಲ. 2016ರ ಕಾಯ್ದೆಯ 21ನೇ ಕಲಮಿನಂತೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಅಂಗವಿಕಲರಿಗೆ ಯಾವ ಹುದ್ದೆ, ಆಯ್ಕೆ ಹೇಗೆ, ಸೌಲಭ್ಯ ಏನು, ಸಂಪರ್ಕಾಧಿಕಾರಿ ಯಾರು ಎಂಬುದೂ ಅದರಲ್ಲಿರಬೇಕೆಂದು 2017ರ ನಿಯಮಗಳು ಹೇಳುತ್ತವೆ. ಸಂಬಳ ಎಷ್ಟು, ಬಾಂಡ್ ಇದೆಯೇ ಎಂದು ಫಾರ್ಮಿನಲ್ಲಿ ಕೇಳುವ ಪ್ಲೇಸ್‌ಮೆಂಟ್ ಅಧಿಕಾರಿ ಅದೇ ಫಾರ್ಮಿನಲ್ಲಿ ಈ ನೀತಿಯ ಪ್ರತಿಯನ್ನೂ ಕೇಳಲಿ. ಕೊಡದ ಕಂಪನಿಗೆ ಸಾರ್ವಜನಿಕ ಹಣದಿಂದ ನಡೆಯುವ ಕ್ಯಾಂಪಸ್ಸಿನ ಗೇಟು ತೆರೆಯುವುದು ಬೇಡ. ಯುಪಿಎಸ್‌ಸಿ ವಿರುದ್ಧ ವಿಕಾಸ್ ಕುಮಾರ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲೇ ಸ್ಪಷ್ಟಪಡಿಸಿದೆ: ಸೂಕ್ತ ಅನುಕೂಲ ಒದಗಿಸಲು ನಿರಾಕರಿಸುವುದೇ ತಾರತಮ್ಯ.

2024ರಲ್ಲಿ ಸುಳ್ಳು ಅಂಗವೈಕಲ್ಯ ಪ್ರಮಾಣಪತ್ರ ಬಳಸಿದ ಆರೋಪ ಹೊತ್ತ ಐಎಎಸ್ ಪ್ರೊಬೇಷನರ್ ಪೂಜಾ ಖೇಡ್ಕರ್ ಪ್ರಕರಣ ಹೊರಬಂದ ಮೇಲೆ ಪ್ರಮಾಣಪತ್ರವಿರುವ ಪ್ರತಿಯೊಬ್ಬರನ್ನೂ ಸಂಶಯದಿಂದ ನೋಡುವುದು ಶುರುವಾಯಿತು. ಅದೇ ಹೊತ್ತಿಗೆ ತೆಲಂಗಾಣದ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಐಎಎಸ್‌ನಂಥ ಸೇವೆಗೆ ಅಂಗವಿಕಲರ ಮೀಸಲಾತಿ ಏಕೆ ಬೇಕು ಎಂದು ಬಹಿರಂಗವಾಗಿ ಪ್ರಶ್ನಿಸಿದರು. ಒಬ್ಬರ ಮೇಲಿನ ಆರೋಪಕ್ಕೆ ಉಳಿದೆಲ್ಲರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಸಾಮರ್ಥ್ಯದ ಪ್ರಶ್ನೆಗೆ ಉತ್ತರ ಬೇಕಿದ್ದರೆ 2025ರ ಮಾರ್ಚ್‌ನ ಸುಪ್ರೀಂ ಕೋರ್ಟ್ ತೀರ್ಪನ್ನು ಓದಬೇಕು. ದೃಷ್ಟಿದೋಷವಿದೆಯೆಂಬ ಕಾರಣಕ್ಕೆ ನ್ಯಾಯಾಂಗ ಸೇವೆಯ ಅವಕಾಶ ನಿರಾಕರಿಸುವಂತಿಲ್ಲ ಎಂದು ಅದು ಹೇಳಿದೆ. ನ್ಯಾಯಾಧೀಶರಾಗಬಲ್ಲವರು ಕೋಡ್ ಬರೆಯಲಾರರೇ, ಲೆಕ್ಕಪತ್ರ ನೋಡಲಾರರೇ? ಅದಕ್ಕೆ ಬೇಕಾದ ಎನ್‌ವಿಡಿಎ ಸ್ಕ್ರೀನ್ ರೀಡರ್ ಉಚಿತವಾಗಿಯೇ ಸಿಗುತ್ತದೆ.

ಒಂದು ಕಷ್ಟ ಮಾತ್ರ ನಿಜ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಸೆಲ್ ಎಂದರೆ ಪಾಠದ ಹೊರೆಯ ಮೇಲೆ ಹೊರಿಸಿದ ಇನ್ನೊಂದು ಹೊರೆ. ಅತಿಥಿ ಉಪನ್ಯಾಸಕರಿಂದಲೇ ಅರ್ಧ ಕಾಲೇಜು ನಡೆಯುವ ಕಡೆ ಆ ಮೇಷ್ಟ್ರನ್ನು ದೂರಿ ಪ್ರಯೋಜನವಿಲ್ಲ. ಅದಕ್ಕಾಗಿಯೇ ಪ್ರತಿ ವಿಶ್ವವಿದ್ಯಾಲಯ ತನ್ನ ಎಲ್ಲ ಸಂಯೋಜಿತ ಕಾಲೇಜುಗಳಿಗೂ ಸೇರಿ ತರಬೇತಿ ಪಡೆದ ಪೂರ್ಣಾವಧಿ ಉದ್ಯೋಗ ಸಲಹೆಗಾರರನ್ನು ನೇಮಿಸಬೇಕು, ಅಂಗವಿಕಲರೇ ಆ ಹುದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಪದವಿ ಮುಗಿದ ಮೇಲೂ ಎರಡು ಮೂರು ವರ್ಷ ಅವರ ನೆರವು ಸಿಗಬೇಕು. ಖರ್ಚಿನ ಮಾತಿಗೆ ಬ್ರಿಟನ್ ಉದಾಹರಣೆಯಿದೆ. ಅಲ್ಲಿ 1994ರಿಂದ ನಡೆಯುತ್ತಿರುವ ‘ಆಕ್ಸೆಸ್ ಟು ವರ್ಕ್’ ಯೋಜನೆಯಲ್ಲಿ ಸಂದರ್ಶನಕ್ಕೆ ಬೇಕಾದ ದುಭಾಷಿಯ ಖರ್ಚನ್ನೂ ಸರ್ಕಾರ ಭರಿಸುತ್ತದೆ. ನಮ್ಮ ಕೇಂದ್ರ ಸರ್ಕಾರ 2008ರಲ್ಲಿ ತಂದ ಪ್ರೋತ್ಸಾಹ ಯೋಜನೆ ಅಂಗವಿಕಲ ನೌಕರರ ಭವಿಷ್ಯನಿಧಿ, ಇಎಸ್‌ಐಗಳ ಮಾಲೀಕರ ಪಾಲನ್ನು ಭರಿಸುವುದಾಗಿ ಹೇಳಿತು. ಅದು ಕೆಲಸ ಸಿಕ್ಕ ಮೇಲಿನ ಮಾತು. ಸಂದರ್ಶನದ ಕೋಣೆಯವರೆಗೆ ತಲುಪಿಸಲು ರಾಜ್ಯ ಸರ್ಕಾರ ಒಂದು ನಿಧಿ ಇಡಲಿ.

ಕುಲಪತಿಗಳಲ್ಲಿ, ಸಿಂಡಿಕೇಟ್ ಸದಸ್ಯರಲ್ಲಿ ನನ್ನ ಕೇಳಿಕೆ ಇಷ್ಟು. ಈ ವರ್ಷದ ವಾರ್ಷಿಕ ವರದಿಯಲ್ಲಿ ಎಷ್ಟು ಅಂಗವಿಕಲರು ಪದವಿ ಮುಗಿಸಿದರು, ಅವರಲ್ಲಿ ಎಷ್ಟು ಮಂದಿಗೆ ಕ್ಯಾಂಪಸ್ಸಿನಿಂದಲೇ ಕೆಲಸ ಸಿಕ್ಕಿತು, ಯಾವ ಸಂಬಳಕ್ಕೆ ಎಂಬ ಲೆಕ್ಕವನ್ನು ಸೇರಿಸಿ. ಸೊನ್ನೆ ಬಂದರೆ ಸೊನ್ನೆಯನ್ನೇ ಅಚ್ಚು ಹಾಕಿಸಿ.