ಅಕ್ಕಲಕೋಟೆಗೆ ಇರುವ ಕಲಂ ಉಮರ್ಗಾಕ್ಕೆ ಏಕಿಲ್ಲ?



ಕಲಬುರಗಿ, ಬೀದರ್ ಭಾಗದಲ್ಲಿ ಖಾಸಗಿ ವಿಶ್ವವಿದ್ಯಾಲಯಗಳು ಬೆಳೆದದ್ದರಿಂದ ಗಡಿಯಾಚೆಯ ಕನ್ನಡ ಮಕ್ಕಳಿಗೂ ಬಹಳ ಅನುಕೂಲವಾಯಿತು ಎಂಬ ಮಾತು ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಉಮರ್ಗಾ ತಾಲ್ಲೂಕಿನ ಒಬ್ಬ ಪಾಲಕನಾಗಿ ಈ ಮಾತಿಗೆ ನನ್ನ ತಕರಾರಿದೆ. ನಮ್ಮ ಮಕ್ಕಳಿಗೆ ಅಲ್ಲಿ ಸೀಟು ಸಿಗುತ್ತದೆ, ಸುಳ್ಳಲ್ಲ. ಆದರೆ ದಿಲ್ಲಿ, ಪಟ್ನಾದಿಂದ ಬಂದವರು ಕೊಡುವ ದರಕ್ಕೇ ಸಿಗುತ್ತದೆ. ಆಳಂದದ ಹುಡುಗನಿಗೂ ನಮ್ಮೂರ ಹುಡುಗನಿಗೂ ನಡುವೆ ಇರುವುದು ಒಂದು ತಾಸಿನ ಬಸ್ಸಿನ ದಾರಿ. ಶುಲ್ಕದ ಲೆಕ್ಕದಲ್ಲಿ ಮಾತ್ರ ಆತ ಮನೆಯವನು, ಈತ ಹೊರಗಿನವನು.

ಇದು ಯಾರೋ ಒಬ್ಬ ಕುಲಪತಿಯ ತಪ್ಪಲ್ಲ, ನಿಯಮದ ತಪ್ಪು. ಕರ್ನಾಟಕದ ಸಿಇಟಿ ಮಾಹಿತಿ ಪುಸ್ತಿಕೆಯಲ್ಲಿ ಗಡಿನಾಡು ಕನ್ನಡಿಗರಿಗೆಂದೇ ಒಂದು ಕಲಂ ಇದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಗಡಿಯಾಚೆಯ ಗೊತ್ತುಪಡಿಸಿದ ತಾಲ್ಲೂಕುಗಳಲ್ಲಿ 7 ವರ್ಷ ಓದಿದ ಮಕ್ಕಳು ಅದರಡಿ ಸರ್ಕಾರಿ ಸೀಟಿಗೆ ಅರ್ಹರು. ಆ ತಾಲ್ಲೂಕುಗಳು ಯಾವುವು? ಮಹಾರಾಷ್ಟ್ರದಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ. ಕೇರಳದಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಉಮರ್ಗಾ ಇಲ್ಲ, ನಿಲಂಗಾ ಇಲ್ಲ, ಉದಗೀರ ಇಲ್ಲ. ಅಕ್ಕಲಕೋಟೆಯ ಸೋದರಮಾವನ ಮಗನಿಗೆ ಸಿಗುವ ಸೌಲಭ್ಯ ನಮ್ಮ ತಾಲ್ಲೂಕಿನ ಮುರೂಮಿನ ಅಳಿಯನ ಮಗನಿಗೆ ಸಿಗದು. ಎರಡೂ ಮನೆಯಲ್ಲಿ ಮಾತು ಕನ್ನಡ, ಎರಡೂ ಮನೆಯವರು ಗಾಣಗಾಪುರಕ್ಕೂ ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೂ ನಡೆದುಕೊಳ್ಳುವವರೇ.

ವಿವಾದಿತ ಪ್ರದೇಶಕ್ಕಷ್ಟೇ ಈ ಕಲಂ ಎಂದು ಅಧಿಕಾರಿಗಳು ಹೇಳುತ್ತಾರೆ. ಆದರೆ ಗಡಿ ವಿವಾದದ ಮೇಲಿನ 1967ರ ಮಹಾಜನ ವರದಿ ಕೇರಳದ ಕಡೆ ಕರ್ನಾಟಕಕ್ಕೆ ಸೇರಿಸಿ ಎಂದದ್ದು ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು. ಹೊಸದುರ್ಗ ಇರುವುದು ಹೊಳೆಯ ದಕ್ಷಿಣಕ್ಕೆ. ಆದರೂ ಅದು ಪಟ್ಟಿಯಲ್ಲಿದೆ, ಇರುವುದು ಸರಿಯೂ ಹೌದು, ಅಲ್ಲಿಯೂ ಕನ್ನಡದ ಮಕ್ಕಳಿದ್ದಾರೆ. ಅಲ್ಲಿ ವರದಿಯ ಗೆರೆ ಅಡ್ಡ ಬರಲಿಲ್ಲ ಎಂದಾದರೆ ನಮ್ಮ ಮೂರು ತಾಲ್ಲೂಕುಗಳಿಗೆ ಮಾತ್ರ ಏಕೆ ಅಡ್ಡ ಬರಬೇಕು?

ನಿಲಂಗಾ ಮತ್ತು ಉದಗೀರದ ವಿಷಯ ಇನ್ನೂ ನೋವಿನದು. 1956ರ ನವೆಂಬರ್ 1ರ ತನಕ ಅವು ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅಹಮದಪುರದ ಜೊತೆ ಅವೂ ಮುಂಬೈ ರಾಜ್ಯಕ್ಕೆ ಹೋದವು, 1982ರಲ್ಲಿ ಲಾತೂರು ಜಿಲ್ಲೆಯ ಭಾಗವಾದವು. ಅದೇ ಬೀದರ್ ಜಿಲ್ಲೆಯಲ್ಲಿ ಉಳಿದ ಭಾಲ್ಕಿ, ಔರಾದ್‌ನ ಮಕ್ಕಳಿಗೆ ಇಂದು ಸಂವಿಧಾನದ 371(ಜೆ) ಕಲಂನ ರಕ್ಷಣೆ ಇದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಉಳಿದ ಕರ್ನಾಟಕದಲ್ಲಿ ಶೇ 8 ಸೀಟು ಮೀಸಲು. ಆ ಮೀಸಲಾತಿ ನಮಗೂ ಕೊಡಿ ಎಂದು ನಾನು ಕೇಳುತ್ತಿಲ್ಲ, ಅದು ಅಲ್ಲಿಯ ಮಕ್ಕಳ ಹಕ್ಕು. ಸರ್ಕಾರಿ ಸೀಟಿಗೆ ಅರ್ಜಿ ಹಾಕುವಷ್ಟು ಅರ್ಹತೆ ಕೊಡಿ, ಸಾಲಿನಲ್ಲಿ ನಿಂತು ರ‍್ಯಾಂಕ್ ಮೇಲೆ ಸ್ಪರ್ಧಿಸುತ್ತೇವೆ.

ಮಹಾರಾಷ್ಟ್ರ ಸರ್ಕಾರ ತನ್ನ ಭಾಷೆಯವರನ್ನು ಹೇಗೆ ನೋಡಿಕೊಂಡಿದೆ ಎಂಬುದನ್ನೂ ಬೆಂಗಳೂರಿನವರು ಗಮನಿಸಬೇಕು. ಅಲ್ಲಿಯ ಪ್ರವೇಶ ನಿಯಮದಲ್ಲಿ ‘ಇ’ ಎಂಬ ವರ್ಗವೇ ಇದೆ. ತಾನು ಹಕ್ಕು ಹೇಳುವ ಗಡಿ ಪ್ರದೇಶದಲ್ಲಿ ಓದಿದ, ಮರಾಠಿ ಮಾತೃಭಾಷೆಯ ವಿದ್ಯಾರ್ಥಿಯನ್ನು ಅದು ಮಹಾರಾಷ್ಟ್ರದ ಅಭ್ಯರ್ಥಿ ಎಂದೇ ಪರಿಗಣಿಸುತ್ತದೆ. ಆ 865 ಹಳ್ಳಿಗಳ ಪಟ್ಟಿ ಬೆಳಗಾವಿಗೆ ನಿಂತಿಲ್ಲ, ಭಾಲ್ಕಿ, ಬೀದರ್ ತನಕ ಬಂದಿದೆ. ಗಡಿಯ ವಾದದಲ್ಲಿ ನಾನು ಯಾರ ಪರವೂ ಅಲ್ಲ. ಆದರೆ ಭಾಲ್ಕಿ ಕಡೆಯ ಮರಾಠಿ ಹುಡುಗನಿಗೆ ಪುಣೆಯಲ್ಲಿ ಮನೆಯವನ ದರ, ಉದಗೀರದ ಕನ್ನಡ ಹುಡುಗನಿಗೆ ಕಲಬುರಗಿಯಲ್ಲಿ ಹೊರಗಿನವನ ದರ ಎಂದರೆ ನಮ್ಮ ಹೊಟ್ಟೆ ಉರಿಯದೆ ಇದ್ದೀತೇ?

ಈಗ ಖಾಸಗಿ ವಿಶ್ವವಿದ್ಯಾಲಯಗಳ ಮಾತಿಗೆ ಬರುತ್ತೇನೆ. ಕರ್ನಾಟಕದ ಖಾಸಗಿ ವಿಶ್ವವಿದ್ಯಾಲಯ ಕಾಯ್ದೆಗಳಲ್ಲಿ ಶೇ 40ರಷ್ಟು ಸೀಟು ರಾಜ್ಯದ ವಿದ್ಯಾರ್ಥಿಗಳಿಗೆ ಮೀಸಲು. ಅವು ಸರ್ಕಾರದ ಪ್ರವೇಶ ಪ್ರಕ್ರಿಯೆಯ ಮೂಲಕ, ಕಡಿಮೆ ಶುಲ್ಕಕ್ಕೆ ತುಂಬುತ್ತವೆ. ಉಳಿದ ಶೇ 60ಕ್ಕೆ ವಿಶ್ವವಿದ್ಯಾಲಯದ್ದೇ ದರ. ನಮ್ಮ ಮಕ್ಕಳು ಎಷ್ಟೇ ಜಾಣರಿದ್ದರೂ ಬೀಳುವುದು ಈ ಶೇ 60ರ ಬುಟ್ಟಿಗೇ. ಅದೇ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಈ ಗೋಳಿಲ್ಲ. 2009ರಲ್ಲಿ ಶುರುವಾದ ಅದು ಆಳಂದ ರಸ್ತೆಯಲ್ಲೇ ಇದೆ, ದೇಶಕ್ಕೆಲ್ಲ ಒಂದೇ ಪರೀಕ್ಷೆ, ಉಮರ್ಗಾದವರಿಗೂ ಆಳಂದದವರಿಗೂ ಒಂದೇ ಶುಲ್ಕ. ಆದರೆ ಅಲ್ಲಿಯ ಸೀಟುಗಳಿಗೆ ಇಡೀ ದೇಶದ ಪೈಪೋಟಿ.

ನನ್ನ ಮಗಳು ಎಂಜಿನಿಯರಿಂಗ್ ಓದಿದ್ದು ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ, ಹೆಸರು ಬೇಡ. ಸೇರಿಸಲು ಹೋದ ದಿನ ಕೌಂಟರಿನಲ್ಲಿ ಕೊಟ್ಟ ಹಾಳೆ ಇನ್ನೂ ನನ್ನ ಬಳಿ ಇದೆ. ಮೊದಲು ವಿಚಾರಿಸಿದಾಗ ಹೇಳಿದ್ದು ಮೇಲಿನ ಒಂದು ಸಾಲು, ಬೋಧನಾ ಶುಲ್ಕ. ಅದರ ಕೆಳಗೆ ವಿಶ್ವವಿದ್ಯಾಲಯ ಶುಲ್ಕ, ಪರೀಕ್ಷಾ ಶುಲ್ಕ, ಲ್ಯಾಬು, ಗ್ರಂಥಾಲಯ, ಠೇವಣಿ, ಸಮವಸ್ತ್ರ, ಕೌಶಲ ತರಬೇತಿ, ಹಾಸ್ಟೆಲ್, ಮೆಸ್. ಕಡೆಗೆ ಪೆನ್ನಿನಲ್ಲಿ ಬರೆದು ಸೇರಿಸಿದ್ದು, ಬೇರೆ ರಾಜ್ಯದ ಬೋರ್ಡು ಅಂತ ಅರ್ಹತಾ ಪತ್ರದ ಶುಲ್ಕ. ಸೋಯಾ ಮಾರಿ ಬಂದ ದುಡ್ಡಿನ ಲೆಕ್ಕ ಹಾಕಿಕೊಂಡು ಹೋದವರಿಗೆ ಆ ಪೆನ್ನಿನ ಸಾಲು ತಡೆದುಕೊಳ್ಳಲು ಆಗುವುದಿಲ್ಲ. ನಾವು ತಂದ ಜಾತಿ ಪ್ರಮಾಣಪತ್ರವನ್ನು ಗುಮಾಸ್ತರು ನೋಡಿ ಹಿಂದಕ್ಕೆ ಕೊಟ್ಟರು. ಮಹಾರಾಷ್ಟ್ರದ ಪ್ರಮಾಣಪತ್ರ ಕರ್ನಾಟಕದಲ್ಲಿ ಮೀಸಲಾತಿಗೆ ನಡೆಯುವುದಿಲ್ಲ.

ಅಲ್ಲಿಯ ಬದುಕಿನ ಬಗ್ಗೆ ನನ್ನ ದೂರಿಲ್ಲ, ಬದಲಿಗೆ ಸಂತೋಷವಿದೆ. ಮಗಳಿಗೆ ಅದು ಪರವೂರು ಅನಿಸಲೇ ಇಲ್ಲ. ಮೆಸ್ಸಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕೋಣೆಯಲ್ಲಿ ಭಾಲ್ಕಿ, ಹುಮನಾಬಾದ್, ಆಳಂದದ ಹುಡುಗಿಯರು, ಮರಾಠಿ ಕನ್ನಡ ಎರಡೂ ಬೆರೆಸಿ ಆಡುವವರು. ಬಾರಾವಿ (12ನೇ ತರಗತಿ) ತನಕ ಮರಾಠಿಯಲ್ಲಿ ಓದಿದ ನನ್ನ ಮಗಳು ಕನ್ನಡದ ಅಕ್ಷರ ಕಲಿತದ್ದು ಆ ಭಾಲ್ಕಿ ಹುಡುಗಿಯಿಂದ. ವರ್ಷ ವರ್ಷ ಆ ಹುಡುಗಿ ಕರ್ನಾಟಕ ಸರ್ಕಾರದ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತು ದಾಖಲೆ ಏರಿಸಿಕೊಟ್ಟವಳು ನನ್ನ ಮಗಳು. ನನ್ನ ಮಗಳಿಗೆ ತುಂಬಲು ಅಂಥ ಅರ್ಜಿಯೇ ಇರಲಿಲ್ಲ.

ನಿಮ್ಮ ರಾಜ್ಯದಲ್ಲೇ ಓದಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಓದಿಸುತ್ತೇವೆ, ನಮ್ಮ ಬಹುಪಾಲು ಮಕ್ಕಳು ಲಾತೂರು, ನಾಂದೇಡ, ಸೊಲ್ಲಾಪುರಗಳಲ್ಲೇ ಓದುತ್ತಾರೆ. ಮಹಾರಾಷ್ಟ್ರ ಸರ್ಕಾರ 2024ರ ಜುಲೈ ಆದೇಶದಿಂದ 8 ಲಕ್ಷದೊಳಗಿನ ಆದಾಯದ ಹಿಂದುಳಿದ ಹಾಗೂ ಆರ್ಥಿಕ ದುರ್ಬಲ ವರ್ಗಗಳ ಹುಡುಗಿಯರಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದ್ದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಆದೇಶವೂ ಸ್ವಯಂ ಅನುದಾನದ ಖಾಸಗಿ ವಿಶ್ವವಿದ್ಯಾಲಯಗಳನ್ನು ಹೊರಗಿಟ್ಟಿದೆ, ರಾಜ್ಯದ ಗಡಿ ದಾಟಿದರಂತೂ ಕೇಳುವುದೇ ಬೇಡ. ಇತ್ತ ಉಮರ್ಗಾದ ಕಾಲೇಜುಗಳು ಸೇರಿರುವುದು ದೂರದ ಸಂಭಾಜಿನಗರದ ವಿಶ್ವವಿದ್ಯಾಲಯಕ್ಕೆ. ಉದಗೀರದಿಂದ ಬೀದರ್‌ಗೆ ನೇರ ರೈಲಿದೆ, 2017ರಿಂದ ಬೀದರ್–ಕಲಬುರಗಿ ಮಾರ್ಗವೂ ಇದೆ. ಮಗಳನ್ನು ಹತ್ತಿರದಲ್ಲಿ, ನಂಟರಿರುವ ಊರಲ್ಲಿ, ಮನೆಮಾತಿನವರ ನಡುವೆ ಇರಿಸಬೇಕು ಎಂದು ತಾಯಿ ಬಯಸಿದರೆ ಅದಕ್ಕೆ ದಂಡ ಕಟ್ಟಿಸುವುದು ಯಾವ ನ್ಯಾಯ?

ಕಲಬುರಗಿಯ ಶರಣಬಸವ ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಎತ್ತುವುದು ಒಂದು ಆಸೆಯಿಂದ. ನಿಜಾಮರ ಕಾಲದಲ್ಲಿ, ಕನ್ನಡಕ್ಕೂ ಹೆಣ್ಣುಮಕ್ಕಳ ಓದಿಗೂ ಆಸರೆ ಇಲ್ಲದಾಗ ಶರಣಬಸವೇಶ್ವರ ದಾಸೋಹ ಪೀಠದ ದೊಡ್ಡಪ್ಪ ಅಪ್ಪನವರು ಶಾಲೆ ತೆರೆದರು. ಆ ಬೇರಿನಿಂದ ಬೆಳೆದ ಸಂಸ್ಥೆ 2017ರಲ್ಲಿ ವಿಶ್ವವಿದ್ಯಾಲಯವಾಯಿತು, ಹೆಣ್ಣುಮಕ್ಕಳಿಗೇ ಪ್ರತ್ಯೇಕ ಎಂಜಿನಿಯರಿಂಗ್ ವಿಭಾಗ ನಡೆಸುತ್ತಿದೆ. ಆ ಕಾಲದಲ್ಲಿ ಕಲಬುರಗಿ, ಬೀದರ್, ಉಸ್ಮಾನಾಬಾದ್ (ಇಂದಿನ ಧಾರಾಶಿವ) ಎಲ್ಲ ಒಂದೇ ಸಂಸ್ಥಾನ. ಶರಣಬಸವೇಶ್ವರರ ದಾಸೋಹಕ್ಕೆ ನಮ್ಮ ಹಳ್ಳಿಗಳಿಂದಲೂ ಜೋಳದ ಚೀಲ ಹೋದದ್ದನ್ನು ಹಿರಿಯರು ಹೇಳುತ್ತಿದ್ದರು. ಸರ್ಕಾರ ಕಲಂ ತಿದ್ದುವ ತನಕ ಕಾಯದೆ, ತಮ್ಮ ಶೇ 60ರ ಸೀಟುಗಳಲ್ಲೇ ಕೆಲವನ್ನು ಉಮರ್ಗಾ, ನಿಲಂಗಾ, ಉದಗೀರದ ಕನ್ನಡ ಮಕ್ಕಳಿಗೆ ಸರ್ಕಾರಿ ಸೀಟಿನ ದರದಲ್ಲಿ ಕೊಡಲು ಇಂಥ ಸಂಸ್ಥೆಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲು ಒಂದು ಸಂಸ್ಥೆ ಮಾಡಲಿ, ಉಳಿದವರು ತಾವಾಗಿ ಹಿಂದೆ ಬರುತ್ತಾರೆ.

ಸರ್ಕಾರ ಕಲಂ ತಿದ್ದುವಾಗ ಒಂದು ಎಚ್ಚರ ಬೇಕು. ಗಡಿನಾಡು ಅಭ್ಯರ್ಥಿಗಳಿಗೆ ಕನ್ನಡ ಭಾಷಾ ಪರೀಕ್ಷೆ ಇದೆ, ಬರೆಯಲೂ ಬರಬೇಕು. ಪರೀಕ್ಷೆ ಇರಲಿ. ಆದರೆ ನಮ್ಮ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಅಕ್ಷರ ಮರಾಠಿ. ಕನ್ನಡ ಶಾಲೆ ಎಷ್ಟೋ ಊರುಗಳಿಗೆ ಬಂದೇ ಇಲ್ಲ. ಆದ್ದರಿಂದ ಬಾರಾವಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಉಮರ್ಗಾ, ಉದಗೀರದಲ್ಲಿ ಅಕ್ಷರ ಕಲಿಸುವ ಶಿಬಿರ ನಡೆಸಲಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಇದು ತಕ್ಕ ಕೆಲಸ. ಪರೀಕ್ಷೆಯನ್ನೂ ಕಲಬುರಗಿಯಲ್ಲಿ ಇಡಲಿ. ಹಾಗೆಯೇ, ಖಾಸಗಿ ವಿಶ್ವವಿದ್ಯಾಲಯಗಳು ಪ್ರವೇಶದ ಮೊದಲೇ ಹಾಸ್ಟೆಲ್, ಮೆಸ್, ಅರ್ಹತಾ ಶುಲ್ಕ ಸೇರಿಸಿ ನಾಲ್ಕೂ ವರ್ಷದ ಒಟ್ಟು ಖರ್ಚನ್ನು ಒಂದೇ ಹಾಳೆಯಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿ ಕೊಡುವುದನ್ನು ಸರ್ಕಾರ ಕಡ್ಡಾಯ ಮಾಡಲಿ.

ಮುಂದಿನ ಸಿಇಟಿಯ ಮಾಹಿತಿ ಪುಸ್ತಿಕೆ ಅಚ್ಚಿಗೆ ಹೋಗುವ ಮುನ್ನ ಬೀದರ್, ಕಲಬುರಗಿ ಜಿಲ್ಲೆಗಳ ಶಾಸಕರು ಉನ್ನತ ಶಿಕ್ಷಣ ಸಚಿವರ ಬಳಿ ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ಹೆಸರುಗಳನ್ನು ಪಟ್ಟಿಗೆ ಸೇರಿಸುವ ಬೇಡಿಕೆ ಇಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ನನ್ನ ಮಗಳ ಓದು ಮುಗಿದಿದೆ. ತಮ್ಮನ ಮಗ ಈ ವರ್ಷ ಬಾರಾವಿಯಲ್ಲಿದ್ದಾನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪಾಲಕ,
ಉಮರ್ಗಾ ತಾಲ್ಲೂಕು, ಧಾರಾಶಿವ ಜಿಲ್ಲೆ