ಚಿಪ್ ಕನಸಿಗೆ ಪಾರದರ್ಶಕ ಬಿಲ್ಲೆಯ ಪಾಠ

ಹೆಲೆನ್ ಚಂಡಮಾರುತ 2024ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಅಪ್ಪಳಿಸಿದಾಗ ಸ್ಪ್ರೂಸ್ ಪೈನ್ ಎಂಬ ಪುಟ್ಟ ಪಟ್ಟಣದ ಗಣಿಗಳು ಸ್ತಬ್ಧಗೊಂಡವು. ಜಗತ್ತಿನ ಚಿಪ್ ಉದ್ಯಮ ಆತಂಕಕ್ಕೊಳಗಾಯಿತು. ಸಿಲಿಕಾನ್ ಕರಗಿಸುವ ಮೂಸೆಗಳಿಗೆ ಬೇಕಾದ ಅತಿಶುದ್ಧ ಬೆಣಚುಕಲ್ಲಿನ ಪ್ರಮುಖ ನೆಲೆ ಅದೇ. ಅಕ್ಟೋಬರ್‌ನಲ್ಲಿ ಉತ್ಪಾದನೆ ಪುನರಾರಂಭಗೊಂಡು ಗಂಡಾಂತರವೇನೋ ತಪ್ಪಿತು. ಆದರೆ ಕಣ್ಣಿಗೆ ಬೀಳದ ಮೂಲವಸ್ತುಗಳ ಮೇಲೆ ಈ ಉದ್ಯಮ ಎಷ್ಟು ಅವಲಂಬಿತ ಎಂಬುದು ಬಯಲಾಯಿತು.

ಅಂತಹ ಇನ್ನೊಂದು ಮೂಲವಸ್ತು ಪಾರದರ್ಶಕ ಬಿಲ್ಲೆ, ಅಂದರೆ ವೇಫರ್. ಕಿಟಕಿಯ ಗಾಜು ಕಣ್ಣಿಗೆ ಸ್ವಚ್ಛವಾಗಿ ಕಂಡರೂ 300 ನ್ಯಾನೊಮೀಟರ್‌ಗಿಂತ ಕಿರಿದಾದ ಅಲೆಯುದ್ದದ ಅತಿನೇರಳೆ ಕಿರಣಗಳಿಗೆ ಅದು ಗೋಡೆಯೇ ಸರಿ. ಫ್ಯೂಸ್ಡ್ ಸಿಲಿಕಾ ಹಾಗಲ್ಲ. 200 ನ್ಯಾನೊಮೀಟರ್‌ಗಿಂತ ಕೆಳಗಿನ ಕಿರಣಗಳನ್ನೂ ಹಾಯಗೊಡುತ್ತದೆ. ಪ್ರಯೋಗಾಲಯದಲ್ಲಿ 260 ನ್ಯಾನೊಮೀಟರ್ ಬೆಳಕಿನಿಂದ ಡಿಎನ್‌ಎ ಅಳೆಯಲು ಇದರ ಪಾತ್ರೆ ಬೇಕು. 193 ನ್ಯಾನೊಮೀಟರ್ ಲೇಸರ್‌ನಿಂದ ಚಿಪ್ ವಿನ್ಯಾಸವನ್ನು ಅಚ್ಚೊತ್ತುವ ಫೋಟೊಮಾಸ್ಕ್‌ಗೂ ಇದೇ ಆಧಾರ. ಬಿಸಿಗೆ ಇದು ಹಿಗ್ಗುವುದು ಸಾಮಾನ್ಯ ಗಾಜಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆಯಾದ್ದರಿಂದ ವಿನ್ಯಾಸ ಕದಲುವುದಿಲ್ಲ.

ಕೃತಕ ಸಫೈರ್‌ನ ಗುಣ ಬೇರೆ. ಅಲ್ಯುಮಿನಿಯಂ ಆಕ್ಸೈಡ್‌ನ ಈ ಹರಳು 2,000 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುತ್ತದೆ. ಅತಿನೇರಳೆಯಿಂದ ಅವಕೆಂಪಿನವರೆಗೆ ಬೆಳಕನ್ನು ಬಿಡುತ್ತದೆ. ಎಲ್‌ಇಡಿ ದೀಪಗಳ ಅರೆವಾಹಕ ಪದರಗಳನ್ನು ಬೆಳೆಸುವುದು ಬಹುತೇಕ ಇದರ ಮೇಲೆಯೇ. ಆದರೆ ಗಡಸುತನವೇ ಇದರ ತೊಡಕು. ಕತ್ತರಿಸಿ ಹೊಳಪು ಕೊಡುವುದು ದುಬಾರಿ.

ಭಾರತ 2021ರ ಡಿಸೆಂಬರ್‌ನಲ್ಲಿ ಅರೆವಾಹಕ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. 2024ರ ಮಾರ್ಚ್‌ನಲ್ಲಿ ಗುಜರಾತಿನ ಧೋಲೇರಾದಲ್ಲಿ ಚಿಪ್ ಕಾರ್ಖಾನೆಗೆ ಶಂಕುಸ್ಥಾಪನೆಯೂ ನೆರವೇರಿತು. ಕಾರ್ಖಾನೆ ಕಟ್ಟಿದ ಮಾತ್ರಕ್ಕೆ ಸ್ವಾವಲಂಬನೆ ಬಾರದು ಎಂಬುದೇ ಸ್ಪ್ರೂಸ್ ಪೈನ್ ಕಲಿಸಿದ ಪಾಠ.

ಇಲ್ಲಿ ಒಂದು ಆಶಾದಾಯಕ ಅಂಶವೂ ಇದೆ. ಅತ್ಯುತ್ತಮ ದರ್ಜೆಯ ಫ್ಯೂಸ್ಡ್ ಸಿಲಿಕಾವನ್ನು ಗಣಿಯಿಂದ ಅಗೆಯುವುದಿಲ್ಲ. ಸಿಲಿಕಾನ್ ಸಂಯುಕ್ತಗಳ ಆವಿಯನ್ನು ಜ್ವಾಲೆಯಲ್ಲಿ ಉರಿಸಿ ರೂಪಿಸುತ್ತಾರೆ. ಗಣಿಯಿಲ್ಲದ ದೇಶಕ್ಕೂ ಈ ದಾರಿ ತೆರೆದಿದೆ. ಬೇಕಿರುವುದು ಪರಿಣತಿ, ತಾಳ್ಮೆ ಮತ್ತು ಖಚಿತ ಗ್ರಾಹಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋದಂತಹ ಸಂಸ್ಥೆಗಳು ಸ್ವದೇಶಿ ಬಿಲ್ಲೆಗಳಿಗೆ ಮೊದಲ ಗ್ರಾಹಕರಾದರೆ ಸಣ್ಣ ಉದ್ಯಮಗಳಿಗೂ ಧೈರ್ಯ ಬಂದೀತು. ಕೋಟಿಗಳ ಲೆಕ್ಕದಲ್ಲಿ ಈ ತೆಳು ಬಿಲ್ಲೆ ಮರೆಯಾಗಬಾರದು.