ಗೃಹಸ್ಥರಿಗೆ ನಾಲ್ಕು ಮಾತು: ಬ್ರೇಕು ಕೊಡುವ ಸೂಚನೆಗಳು

ರಜೆ ಬಂದಿತೆಂದರೆ ಮಕ್ಕಳುಮರಿಗಳೊಡನೆ ಕಾರಿನಲ್ಲಿ ಘಟ್ಟವಿಳಿಯುವ ಗೃಹಸ್ಥರು ಅನೇಕರು. ಎಂಜಿನು ಕೆಟ್ಟರೆ ಪ್ರಯಾಣ ನಿಲ್ಲುವುದು; ಬ್ರೇಕು ಕೆಟ್ಟರೆ ಗಾಡಿಯೇ ನಿಲ್ಲದು. ಆದರೆ ಬ್ರೇಕು ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ ಕೆಡುವುದು. ಆ ಸೂಚನೆಗಳನ್ನು ವಾಚಕರು ಅರಿತಿರುವುದು ಲೇಸು.

ಮೆಟ್ಟಿದಾಗ ಕೀರಲು ಸದ್ದು ಬಂದರೆ ಪ್ಯಾಡು ಸವೆದಿರಬಹುದು; ಲೋಹ ಉಜ್ಜಿದಂತೆ ಗರಗರ ಶಬ್ದವಾದರೆ ಒಂದು ದಿನವೂ ತಡಮಾಡಲಾಗದು. ಪೆಡಲು ಮೆತ್ತಗಾಗಿ ಕೆಳಗಿಳಿದರೆ ಕೊಳವೆಯೊಳಗೆ ಗಾಳಿ ಸೇರಿರಬಹುದು, ಇಲ್ಲವೆ ಬ್ರೇಕ್ ಆಯಿಲು ಸೋರುತ್ತಿರಬಹುದು. ಗಾಡಿ ಒಂದು ಪಕ್ಕಕ್ಕೆ ಎಳೆದರೂ, ನಿಲ್ಲಲು ಹಿಂದಿಗಿಂತ ಹೆಚ್ಚು ದೂರ ಹಿಡಿದರೂ ಉಪೇಕ್ಷಿಸತಕ್ಕುದಲ್ಲ.

ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವುದು. ತೇವಗೂಡಿದ ಆಯಿಲು ಕಾವಿಗೆ ಬೇಗನೆ ಕುದಿಯುವುದು. ಆಗ ಹುಟ್ಟುವ ಆವಿಯು ಒತ್ತಿದರೆ ಕುಗ್ಗುವುದರಿಂದ ಕಾಲಿನ ಬಲವು ಚಕ್ರವನ್ನು ಮುಟ್ಟದು. ಆದುದರಿಂದ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಅಥವಾ ಗಾಡಿಯ ಕೈಪಿಡಿಯಲ್ಲಿ ಹೇಳಿದಂತೆ, ಅದನ್ನು ಬದಲಿಸಬೇಕು.

14 ಹೇರ್‌ಪಿನ್ ತಿರುವುಗಳ ಆಗುಂಬೆ ಘಟ್ಟದಂತಹ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಮೆಟ್ಟಿದರೆ ಅದು ಕಾದು ಹಿಡಿತ ಕಳೆದುಕೊಳ್ಳುವುದು. ಕೆಳಗಿನ ಗೇರಿನಲ್ಲಿಯೇ ಮೆಲ್ಲನೆ ಇಳಿಯತಕ್ಕುದು. ಸುಟ್ಟ ವಾಸನೆ ಬಂದರೆ ಅಪಾಯವಿಲ್ಲದ ಸ್ಥಳದಲ್ಲಿ ನಿಲ್ಲಿಸಿ ಆರಗೊಡಬೇಕು.

ಪ್ರಯಾಣಕ್ಕೆ ಒಂದು ವಾರ ಮುಂಚೆಯೇ ಬ್ರೇಕನ್ನು ಮೆಕ್ಯಾನಿಕ್ಕಿಗೆ ತೋರಿಸಿರೆಂದು ವಾಚಕರಲ್ಲಿ ನಾವು ವಿಜ್ಞಾಪಿಸುವೆವು.